ಚರ್ಮಕ್ಕೆ ಮದ್ದೊಂದೇ ಸಾಲದು, ಮದ್ದಿಲ್ಲದೆಯೂ ಸಾಲದು

ಕತ್ತಲಲ್ಲಿ ಕೆರೆದುಕೊಳ್ಳುವ ಸದ್ದು ಎಷ್ಟು ಜೋರಾಗಿ ಕೇಳುತ್ತದೆ ಅನ್ನುವುದು ನನಗೆ ಗೊತ್ತಾಗಿದ್ದು ಮಗಳಿಗೆ ಇಸುಬು, ಅಂದರೆ ಎಕ್ಸಿಮಾ, ಶುರುವಾದ ಮೇಲೆ. ಪರ ಪರ ಪರ. ಒಂದು ನಿಮಿಷ ನಿಲ್ಲುತ್ತದೆ. ಮತ್ತೆ ಪರ ಪರ. ಎದ್ದು ದೀಪ ಹಾಕಿದರೆ ಮಗು ನಿದ್ದೆಯಲ್ಲೇ ಇರುತ್ತಾಳೆ, ಕೈ ಮಾತ್ರ ಮೊಣಕೈ ಮಡಿಕೆಯಲ್ಲಿ ಓಡಾಡುತ್ತಿರುತ್ತದೆ. ಬೆಳಿಗ್ಗೆ ಹಾಸಿಗೆಯ ಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ಸಣ್ಣ ರಕ್ತದ ಕಲೆಗಳು. ಅವಳಿಗೆ ಆಗ ಆರು ವರ್ಷ.

ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ಒಂದು ಮುಲಾಮು ಹಚ್ಚಿದೆವು, ವಾರದಲ್ಲಿ ವಾಸಿಯಾಯಿತು, ಬಿಟ್ಟೆವು. ಮೂರು ವಾರಕ್ಕೆ ಮತ್ತೆ ಬಂತು. ಒಬ್ಬರು "ಊಟದ್ದೇ ತೊಂದರೆ, ಅಷ್ಟೇ" ಅಂದರು. ಇನ್ನೊಬ್ಬರು "ಸೋಪು ಬದಲಿಸಿ, ಅಷ್ಟೇ" ಅಂದರು. ಮತ್ತೊಬ್ಬರು "ಟೆನ್ಷನ್ನಿಂದ ಬರೋದು, ಅಷ್ಟೇ" ಅಂದಾಗ, ಆರು ವರ್ಷದ ಮಗುವಿಗೆ ಎಂಥ ಟೆನ್ಷನ್ ಅಂತ ನನಗೆ ಸಿಟ್ಟೇ ಬಂದಿತ್ತು. ಈಗ ಯೋಚಿಸಿದರೆ ಎಲ್ಲರ ಮಾತಿನಲ್ಲೂ ಒಂದೊಂದು ಚೂರು ನಿಜವಿತ್ತು. ತಪ್ಪಿದ್ದು ಆ 'ಅಷ್ಟೇ'ಯಲ್ಲಿ.

ಸಮಗ್ರ ಆರೈಕೆ, ಹೋಲಿಸ್ಟಿಕ್ ಆರೈಕೆ ಅನ್ನುವ ಮಾತು ಈಗ ತುಂಬಾ ಓಡಾಡುತ್ತಿದೆ. ಹಲವರ ಬಾಯಲ್ಲಿ ಅದರ ಅರ್ಥ 'ಡಾಕ್ಟರ ಔಷಧಿ ಬೇಡ' ಅಂತ ಆಗಿಬಿಟ್ಟಿದೆ. ನನ್ನ ಪ್ರಕಾರ ಅದು ಪೂರ್ತಿ ಉಲ್ಟಾ. ಸಮಗ್ರ ಅಂದರೆ ಏನನ್ನೂ ಬಿಡದೆ ನೋಡುವುದು. ಚರ್ಮ, ನರ, ನಿದ್ದೆ, ಊಟ, ಬಿಸಿಲು, ಮನಸ್ಸು, ಇವುಗಳ ಜೊತೆ ಔಷಧಿಯನ್ನೂ ಬಿಡದಿರುವುದು. ಇವೆಲ್ಲ ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಅಂತ ತಿಳಿದರೆ ಯಾವುದನ್ನು ಎಷ್ಟು ಮಾಡಬೇಕು ಅನ್ನುವುದು ತಾನಾಗಿ ಸ್ಪಷ್ಟವಾಗುತ್ತದೆ.

ಮೊದಲು ಚರ್ಮದಿಂದಲೇ ಶುರು ಮಾಡೋಣ. ದೊಡ್ಡವರ ಚರ್ಮ ಅಳೆದರೆ ಸುಮಾರು 1.5ರಿಂದ 2 ಚದರ ಮೀಟರ್. ಇಷ್ಟು ದೊಡ್ಡ ಹೊದಿಕೆಯಲ್ಲಿ ನಮ್ಮನ್ನು ನಿಜವಾಗಿ ಕಾಯುವುದು ತೀರಾ ಮೇಲಿನ ಒಂದು ಪದರ. ಅಂಗೈ, ಅಂಗಾಲು ಬಿಟ್ಟರೆ ಉಳಿದ ಕಡೆ ಅದರ ದಪ್ಪ 0.01ರಿಂದ 0.02 ಮಿಲಿಮೀಟರ್. ಕಾಗದದ ಹಾಳೆ ಕೂಡ ಇದಕ್ಕಿಂತ ಎಷ್ಟೋ ದಪ್ಪ. ಆ ಪದರದಲ್ಲಿ ಇರುವುದು ಸತ್ತು ಚಪ್ಪಟೆಯಾದ ಜೀವಕೋಶಗಳು. ಸತ್ತಿವೆ ಅಂತ ಅವು ಕೆಲಸಕ್ಕೆ ಬಾರದವು ಅಂದುಕೊಳ್ಳಬೇಡಿ. ಅಮೆರಿಕದ ಚರ್ಮವೈದ್ಯ ಪೀಟರ್ ಎಲಾಯಸ್ ಇದನ್ನು ಇಟ್ಟಿಗೆ ಗೋಡೆಗೆ ಹೋಲಿಸಿದರು. ಜೀವಕೋಶಗಳೇ ಇಟ್ಟಿಗೆ. ಅವುಗಳ ನಡುವೆ ತುಂಬಿರುವ ಜಿಡ್ಡೇ ಗಾರೆ. ಆ ಜಿಡ್ಡಿನಲ್ಲಿ ಅರ್ಧದಷ್ಟು ಸೆರಮೈಡ್ ಅನ್ನುವ ಕೊಬ್ಬು, ಉಳಿದದ್ದು ಹೆಚ್ಚಾಗಿ ಕೊಲೆಸ್ಟರಾಲ್ ಮತ್ತು ಕೊಬ್ಬಿನ ಆಮ್ಲಗಳು. ರಕ್ತದಲ್ಲಿ ಜಾಸ್ತಿಯಾದರೆ ನಾವು ಹೆದರುವ ಕೊಲೆಸ್ಟರಾಲ್, ಇಲ್ಲಿ ಗೋಡೆ ಕಟ್ಟುವ ಸಾಮಾನು.

ಗೋಡೆಗೆ ಎರಡು ಕೆಲಸ. ಒಳಗಿನ ನೀರು ಹೊರಗೆ ಹೋಗಬಾರದು, ಹೊರಗಿನ ಧೂಳು, ರೋಗಾಣು, ರಾಸಾಯನಿಕ ಒಳಗೆ ಬರಬಾರದು. ಗಾರೆ ಉದುರಿದರೆ ಎರಡೂ ಕೆಡುತ್ತವೆ. ನೀರು ಆವಿಯಾಗಿ ಹೋಗುತ್ತದೆ, ಚರ್ಮ ಒಣಗಿ ಬಿಗಿಯುತ್ತದೆ. ಹೊರಗಿನದು ನುಸುಳಿದ ತಕ್ಷಣ ಒಳಗಿನ ರೋಗನಿರೋಧಕ ಪಡೆ ಎಚ್ಚೆತ್ತು ಉರಿಯೂತ ಶುರು ಮಾಡುತ್ತದೆ. ಆ ಉರಿಯೂತ ಗೋಡೆಯನ್ನು ಇನ್ನಷ್ಟು ಕೆಡಿಸುತ್ತದೆ.

ಇಸುಬು ಎಲ್ಲಿಂದ ಶುರುವಾಗುತ್ತದೆ ಅನ್ನುವುದಕ್ಕೆ ದೊಡ್ಡ ಸುಳಿವು ಸಿಕ್ಕಿದ್ದು 2006ರಲ್ಲಿ. ಸ್ಕಾಟ್‌ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಇರ್ವಿನ್ ಮೆಕ್‌ಲೀನ್ ಮತ್ತು ಜೊತೆಗಾರರು ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿ ದೋಷ ಇದ್ದವರಿಗೆ ಇಸುಬು ಬರುವ ಸಾಧ್ಯತೆ ತುಂಬಾ ಹೆಚ್ಚು ಅಂತ ತೋರಿಸಿದರು. ಈ ಫಿಲಾಗ್ರಿನ್ ಇಟ್ಟಿಗೆಗಳನ್ನು ಗಟ್ಟಿಯಾಗಿ ಹಿಡಿದಿಡುತ್ತದೆ. ಆಮೇಲೆ ತಾನೇ ಒಡೆದು, ಚರ್ಮದಲ್ಲಿ ನೀರು ಹಿಡಿದಿಡುವ ಸಣ್ಣ ಕಣಗಳಾಗುತ್ತದೆ. ಈ ದೋಷ ಇದ್ದವರಿಗೆಲ್ಲ ಇಸುಬು ಬರುವುದಿಲ್ಲ, ಇಸುಬು ಇದ್ದವರಿಗೆಲ್ಲ ಈ ದೋಷವೂ ಇರುವುದಿಲ್ಲ. ಆದರೂ ಈ ಸಂಶೋಧನೆಯಿಂದ ಯೋಚನೆಯ ದಿಕ್ಕೇ ಬದಲಾಯಿತು. ಅಲ್ಲಿಯವರೆಗೆ ಎಲ್ಲರ ಗಮನ ಹೆಚ್ಚಾಗಿ ಒಳಗಿನ ಅಲರ್ಜಿಯ ಮೇಲಿತ್ತು. ಗೋಡೆಯ ಬಿರುಕು ಕೂಡ ಮೊದಲ ಕಾರಣ ಆಗಬಹುದು ಅಂತ ಆಗ ಗೊತ್ತಾಯಿತು.

ಇನ್ನು ಸೋಪಿನ ವಿಷಯ. ಆರೋಗ್ಯವಾದ ಚರ್ಮದ ಮೇಲ್ಮೈ ಸ್ವಲ್ಪ ಹುಳಿ. ಹುಳಿ ಅಳೆಯುವ ಅಂಕೆಗೆ ಪಿಎಚ್ ಅನ್ನುತ್ತಾರೆ, ಅಂಕೆ ಕಡಿಮೆ ಇದ್ದಷ್ಟು ಹುಳಿ ಜಾಸ್ತಿ. ಚರ್ಮದ ಪಿಎಚ್ ಸುಮಾರು 4.5ರಿಂದ 5.5. ಗೋಡೆ ಕಟ್ಟುವ ಕಿಣ್ವಗಳು ಕೆಲಸ ಮಾಡುವುದು ಈ ಹುಳಿಯಲ್ಲೇ. ನಮ್ಮ ಜೊತೆ ಬದುಕುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಇದೇ ಇಷ್ಟ. ಮಾಮೂಲಿ ಸೋಪಿನ ಪಿಎಚ್ 9ರಿಂದ 10. ಅದು ಕೊಳೆಯ ಜೊತೆ ಗಾರೆಯನ್ನೂ ತೊಳೆಯುತ್ತದೆ. ಸ್ನಾನ ಆದ ಮೇಲೆ ಮುಖ ಬಿಗಿಯುತ್ತದಲ್ವಾ, ಅದನ್ನು ನಾವು 'ಚೆನ್ನಾಗಿ ಕ್ಲೀನ್ ಆಯ್ತು' ಅಂದುಕೊಳ್ಳುತ್ತೇವೆ. ಅದು ಗೋಡೆ ಸೋರುತ್ತಿರುವ ಗುರುತು. ದಿನಕ್ಕೆ ಹತ್ತಾರು ಸಲ ಕೈ ತೊಳೆಯಬೇಕಾದ ನರ್ಸ್‌ಗಳು, ಅಡುಗೆಯವರು, ಕೂದಲು ಕತ್ತರಿಸುವವರ ಬೆರಳ ಸಂದಿ ಬಿರುಕು ಬಿಡುವುದೂ ಇದೇ ಕಾರಣಕ್ಕೆ. ಅವರಿಗೆ ಎಷ್ಟು ಒಳ್ಳೆಯ ಮುಲಾಮು ಕೊಟ್ಟರೂ, ಕೈಗವಸು ಮತ್ತು ಸೌಮ್ಯವಾದ ಕ್ಲೆನ್ಸರ್ ಸಿಗದೆ ವಾಸಿಯಾಗುವುದಿಲ್ಲ. ಕೆಲಸದ ಜಾಗ ಕೂಡ ಚಿಕಿತ್ಸೆಯ ಒಂದು ಭಾಗ.

ನಮ್ಮ ಮನೆಯಲ್ಲಿ ಮೊದಲು ಬದಲಾಗಿದ್ದು ಸ್ನಾನ. ಬಿಸಿ ಬಿಸಿ ನೀರು ಹೋಗಿ ಉಗುರು ಬೆಚ್ಚಗಿನ ನೀರು ಬಂತು. ಐದು, ಹೆಚ್ಚೆಂದರೆ ಹತ್ತು ನಿಮಿಷ. ವಾಸನೆ ಇಲ್ಲದ, ನೊರೆ ಕಡಿಮೆ ಬರುವ ಕ್ಲೆನ್ಸರ್, ಅದೂ ಕಂಕುಳು, ತೊಡೆಸಂದಿ, ಪಾದಕ್ಕೆ ಮಾತ್ರ. ಒರೆಸುವಾಗ ಉಜ್ಜುವುದಿಲ್ಲ, ಟವೆಲ್ ಒತ್ತಿ ತೆಗೆಯುವುದು. ಮೈ ಇನ್ನೂ ಪಸೆಪಸೆಯಾಗಿರುವಾಗಲೇ ಮಾಯಿಶ್ಚರೈಸರ್ ಹಚ್ಚಬೇಕು. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಹಿಡಿದಿಡಲು ನೀರೇ ಇರುವುದಿಲ್ಲ.

ಎಷ್ಟು ಹಚ್ಚಬೇಕು ಅನ್ನುವುದರಲ್ಲಿ ನಾವು ಪೂರ್ತಿ ತಪ್ಪಿದ್ದೆವು. ಒಂದು ಸಣ್ಣ ಟ್ಯೂಬ್ ಎರಡು ತಿಂಗಳು ಬರುತ್ತಿತ್ತು. ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ ಇಸುಬು ಇರುವ ಮಕ್ಕಳಿಗೆ ವಾರಕ್ಕೆ 250ರಿಂದ 500 ಗ್ರಾಂ ಅನ್ನುತ್ತದೆ. ವಾರಕ್ಕೆ! ಓದಿದಾಗ ನಾನು ನಂಬಲಿಲ್ಲ. ತುಂಬಾ ಒಣಗಿದ ಜಾಗಕ್ಕೆ ಜಿಡ್ಡು ಜಾಸ್ತಿ ಇರುವ ಆಯಿಂಟ್‌ಮೆಂಟ್, ಬೆವರುವ ಅಥವಾ ಕೂದಲಿರುವ ಜಾಗಕ್ಕೆ ಲೋಷನ್, ನಡುವಿನದಕ್ಕೆ ಕ್ರೀಮ್. ದುಬಾರಿಯೇ ಆಗಬೇಕಿಲ್ಲ. ಸುವಾಸನೆ ಇಲ್ಲದ್ದು, ದಿನಾ ಎರಡು ಹೊತ್ತು ಬೇಸರವಿಲ್ಲದೆ ಹಚ್ಚಲು ಆಗುವಂಥದ್ದು ಆದರೆ ಸಾಕು. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಇಂಥ ಜಿಡ್ಡು ಹೀರಿದ ಬಟ್ಟೆ, ಹೊದಿಕೆಗೆ ಬೆಂಕಿ ಬೇಗ ಹತ್ತುತ್ತದೆ. ಒಲೆ, ದೀಪ, ಸಿಗರೇಟಿನಿಂದ ದೂರ ಇಡಿ.

ಮಾಯಿಶ್ಚರೈಸರ್ ಪವಾಡ ಮಾಡುತ್ತದೆ ಅಂತ ಮಾತ್ರ ಅಂದುಕೊಳ್ಳಬೇಡಿ. ಹುಟ್ಟಿದಾಗಿನಿಂದಲೇ ದಿನಾ ಹಚ್ಚಿದರೆ ಇಸುಬು ಬರುವುದೇ ಇಲ್ಲವೇನೋ ಅಂತ ಬ್ರಿಟನ್ನಿನಲ್ಲಿ 1,394 ಶಿಶುಗಳ ಮೇಲೆ ಒಂದು ದೊಡ್ಡ ಪರೀಕ್ಷೆ ನಡೆಯಿತು. 2020ರಲ್ಲಿ ಫಲಿತಾಂಶ ಬಂತು. ಪ್ರಯೋಜನ ಕಾಣಲಿಲ್ಲ. ಅಂದರೆ ಬಂದಿರುವ ಇಸುಬನ್ನು ಹತೋಟಿಯಲ್ಲಿಡಲು ಅದು ಬೇಕು, ಬರುವುದನ್ನು ತಡೆಯುವ ರಕ್ಷಾಕವಚ ಅದಲ್ಲ. ಮಗುವಿಗೆ ಇಸುಬು ಬಂದರೆ 'ನಾನು ಸರಿಯಾಗಿ ಎಣ್ಣೆ ಹಚ್ಚಲಿಲ್ಲ' ಅಂತ ಯಾವ ತಾಯಿಯೂ ಕೊರಗಬೇಕಿಲ್ಲ.

ಈಗ ತುರಿಕೆಗೆ ಬರುತ್ತೇನೆ. ನನಗೆ ಅತಿ ಹೆಚ್ಚು ಕಲಿಸಿದ್ದು ಇದೇ. 1660ರಲ್ಲೇ ಸ್ಯಾಮ್ಯುಯೆಲ್ ಹಾಫೆನ್‌ರೆಫರ್ ಎಂಬ ಜರ್ಮನ್ ವೈದ್ಯ ತುರಿಕೆ ಅಂದರೆ ಏನು ಅಂತ ಬರೆದಿಟ್ಟ: ಕೆರೆದುಕೊಳ್ಳಬೇಕು ಅನ್ನಿಸುವಂಥ, ಹಿತವಲ್ಲದ ಒಂದು ಅನುಭವ. ಇವತ್ತಿಗೂ ವೈದ್ಯರು ಅದನ್ನೇ ಹೇಳುತ್ತಾರೆ. ಕೆರೆದಾಗ ಸಣ್ಣ ನೋವಾಗುತ್ತದೆ. ಆ ನೋವಿನ ಸುದ್ದಿ ಬೆನ್ನುಹುರಿಯಲ್ಲಿ ತುರಿಕೆಯ ಸುದ್ದಿಯನ್ನು ಸ್ವಲ್ಪ ಹೊತ್ತು ಅಡಗಿಸುತ್ತದೆ. ಹಾಯೆನ್ನಿಸುತ್ತದೆ. ಆದರೆ ಉಗುರು ಗೋಡೆಯನ್ನು ಒಡೆದಿರುತ್ತದೆ. ಪೆಟ್ಟು ತಿಂದ ಜೀವಕೋಶಗಳು ಉರಿಯೂತದ ಸಂದೇಶ ಕಳಿಸುತ್ತವೆ. ಉರಿಯೂತ ನರಗಳನ್ನು ಕೆರಳಿಸುತ್ತದೆ. ಇನ್ನೂ ಜಾಸ್ತಿ ತುರಿಕೆ. ತುರಿಕೆ, ಕೆರೆತ, ಉರಿ, ಮತ್ತೆ ತುರಿಕೆ. ಒಂದು ಸಲ ಈ ಸುಳಿಗೆ ಸಿಕ್ಕರೆ, ಮೊದಲು ತುರಿಕೆ ತಂದ ಕಾರಣ ಹೋದ ಮೇಲೂ ಸುಳಿ ತಾನಾಗಿ ತಿರುಗುತ್ತಿರುತ್ತದೆ.

ರಾತ್ರಿ ಯಾಕೆ ಜಾಸ್ತಿ? ಉರಿಯೂತ ತಗ್ಗಿಸುವ ಕಾರ್ಟಿಸಾಲ್ ಎಂಬ ಹಾರ್ಮೋನು ರಾತ್ರಿ ಹೊತ್ತು ದೇಹದಲ್ಲಿ ಕಡಿಮೆ ಇರುತ್ತದೆ. ಚರ್ಮದ ಬಿಸಿ ಏರುತ್ತದೆ, ಅದರಿಂದ ನೀರು ಆವಿಯಾಗುವುದೂ ಹೆಚ್ಚುತ್ತದೆ. ಗಮನ ಬೇರೆ ಕಡೆ ಸೆಳೆಯಲು ಆಟವಿಲ್ಲ, ಮಾತಿಲ್ಲ. ನಿದ್ದೆ ಕೆಟ್ಟರೆ ಮರುದಿನ ಮಗು ಸಿಡುಕುತ್ತದೆ, ಸಣ್ಣದಕ್ಕೂ ಅಳುತ್ತದೆ, ಅಳುತ್ತಾ ಕೆರೆಯುತ್ತದೆ. ಆರು ವರ್ಷದ ಮಗುವಿಗೆ ಎಂಥ ಟೆನ್ಷನ್ ಅಂತ ಕೇಳಿದ್ದೆನಲ್ಲ, ಉತ್ತರ ನನ್ನ ಕಣ್ಣೆದುರೇ ಇತ್ತು. ಸರಿಯಾಗಿ ಮಲಗದ ಮಗುವಿಗೆ ಇರುವ ಟೆನ್ಷನ್.

ಮನಸ್ಸಿಗೂ ಚರ್ಮಕ್ಕೂ ಏನು ನಂಟು ಅಂತ ಅನುಮಾನ ಪಡುವವರಿಗೆ ಒಂದು ವಿಷಯ ಹೇಳಬೇಕು. ಗರ್ಭದಲ್ಲಿ ಭ್ರೂಣ ಇನ್ನೂ ಕೆಲವೇ ಪದರ ಇರುವಾಗ, ಮೆದುಳು-ನರಗಳೂ ಚರ್ಮದ ಮೇಲ್ಭಾಗವೂ ಹುಟ್ಟುವುದು ಒಂದೇ ಪದರದಿಂದ. ಆ ನಂಟು ಕೊನೆವರೆಗೂ ಇರುತ್ತದೆ. ನಾಚಿದರೆ ಕೆನ್ನೆ ಕೆಂಪಾಗುತ್ತದೆ, ಹೆದರಿದರೆ ಮೈ ಜುಮ್ಮೆನ್ನುತ್ತದೆ, ಅಂಗೈ ಬೆವರುತ್ತದೆ.

ಇದನ್ನು ಅಳೆದು ತೋರಿಸಿದವರೂ ಇದ್ದಾರೆ. 1995ರಲ್ಲಿ ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಜಾನಿಸ್ ಕೀಕಾಲ್ಟ್-ಗ್ಲೇಸರ್ ಮತ್ತು ಸಂಗಡಿಗರು, ಮರೆವಿನ ಕಾಯಿಲೆಯ ಬಂಧುಗಳನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದ 13 ಹೆಂಗಸರನ್ನು, ಅದೇ ವಯಸ್ಸಿನ, ಅಂಥ ಹೊರೆ ಇಲ್ಲದ 13 ಹೆಂಗಸರ ಜೊತೆ ಹೋಲಿಸಿದರು. ಎಲ್ಲರ ತೋಳಿನಲ್ಲೂ 3.5 ಮಿಲಿಮೀಟರಿನ ಒಂದೇ ಅಳತೆಯ ಪುಟ್ಟ ಗಾಯ ಮಾಡಿದರು. ಕಾಯಿಲೆಯವರನ್ನು ನೋಡಿಕೊಳ್ಳುವವರ ಗಾಯ ವಾಸಿಯಾಗಲು ಸರಾಸರಿ 9 ದಿನ ಹೆಚ್ಚು ಹಿಡಿಯಿತು. ದಣಿದ ಮನಸ್ಸು ಗಾಯದ ಮೇಲೆ ಹೀಗೆ ಲೆಕ್ಕಕ್ಕೆ ಸಿಗುತ್ತದೆ ಅಂತ ಓದಿದಾಗ ನನಗೆ ನನ್ನ ಅಮ್ಮನ ಕೈ ನೆನಪಾಯಿತು. ಅಜ್ಜಿಯನ್ನು ನೋಡಿಕೊಂಡ ಆ ವರ್ಷಗಳಲ್ಲಿ ಆ ಬಿರುಕುಗಳು ಮುಚ್ಚುತ್ತಲೇ ಇರಲಿಲ್ಲ.

ಹಾಗಂತ 'ಎಲ್ಲಾ ಮನಸ್ಸಿನಲ್ಲೇ ಇದೆ' ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಒತ್ತಡ ಇರುವ ಬೆಂಕಿಗೆ ತುಪ್ಪ ಸುರಿಯುತ್ತದೆ, ಬೆಂಕಿ ಹಚ್ಚಿದ್ದು ಅದೊಂದೇ ಅಲ್ಲ. ಮನಸ್ಸಿಗೆ ಮಾಡುವ ಆರೈಕೆ ಕೂಡ ಔಷಧಿಯ ಜೊತೆ ಸೇರಿದಾಗಲೇ ಚೆನ್ನಾಗಿ ಕೆಲಸ ಮಾಡುತ್ತದೆ. 1998ರಲ್ಲಿ ಧ್ಯಾನವನ್ನು ಚಿಕಿತ್ಸೆಗೆ ತಂದ ಅಮೆರಿಕದ ಜಾನ್ ಕಬಾಟ್-ಜಿನ್, ಚರ್ಮ ಕೆಂಪಾಗಿ ಹೊಟ್ಟು ಏಳುವ ಸೋರಿಯಾಸಿಸ್ ಇದ್ದ 37 ಜನರ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. ಎಲ್ಲರಿಗೂ ನೇರಳಾತೀತ ಬೆಳಕಿನ ಚಿಕಿತ್ಸೆ ಇತ್ತು. ಅರ್ಧ ಜನ ಬೆಳಕಿನ ಪೆಟ್ಟಿಗೆಯೊಳಗೆ ನಿಂತಾಗ ಧ್ಯಾನದ ಟೇಪ್ ಕೇಳಿದರು. ಅವರ ಚರ್ಮ ಬೇಗ ತಿಳಿಯಾಯಿತು. ಸಣ್ಣ ಪ್ರಯೋಗ, ನಿಜ. ಆದರೆ ಗಮನಿಸಿ, ಬೆಳಕಿನ ಬದಲಿಗೆ ಧ್ಯಾನ ಕೊಡಲಿಲ್ಲ, ಬೆಳಕಿನ ಜೊತೆ ಕೊಟ್ಟರು.

ನಮಗೆ ತುಂಬಾ ಉಪಯೋಗಕ್ಕೆ ಬಂದದ್ದು ಅಭ್ಯಾಸ ತಪ್ಪಿಸುವ ವಿಧಾನ. ನೇಥನ್ ಅಜ್ರಿನ್ ಎಂಬ ಮನಶ್ಶಾಸ್ತ್ರಜ್ಞ 1973ರಲ್ಲಿ ಉಗುರು ಕಚ್ಚುವಂಥ ಚಟಗಳಿಗಾಗಿ ಇದನ್ನು ವಿವರಿಸಿದ. 1980ರ ದಶಕದಲ್ಲಿ ಸ್ವೀಡನ್ನಿನ ವೈದ್ಯರು ಇದನ್ನು ಇಸುಬಿಗೆ, ಮುಲಾಮಿನ ಜೊತೆಗೆ, ಬಳಸಿ ನೋಡಿದರು. ವಿಧಾನ ಸರಳ. ಮೊದಲು ಕೆರೆಯುವುದನ್ನು ಸುಮ್ನೆ ಎಣಿಸುವುದು. ಬೈಯುವಂತಿಲ್ಲ. ಆಮೇಲೆ ತುರಿಕೆ ಬಂದಾಗ ಕೈಗೆ ಬೇರೆ ಕೆಲಸ ಕೊಡುವುದು. ಮುಷ್ಟಿ ಬಿಗಿಹಿಡಿದು 30 ಎಣಿಸು, ಆಮೇಲೂ ತುರಿಸಿದರೆ ಆ ಜಾಗವನ್ನು ಒತ್ತಿ ಹಿಡಿ ಅಂತ ಹೇಳಿಕೊಟ್ಟೆವು. ಅದಕ್ಕೆ ಮುಂಚೆ ನಾವು ದಿನಕ್ಕೆ ನೂರು ಸಲ "ಕೆರೀಬೇಡ" ಅನ್ನುತ್ತಿದ್ದೆವು. ಒಂದು ದಿನ ಅವಳು "ಅಮ್ಮಾ, ಕೆರೀಬೇಡ ಅಂದ್ರೆ ಇನ್ನೂ ಜಾಸ್ತಿ ತುರಿಸುತ್ತೆ" ಅಂದಳು. ಅವಳ ಮಾತು ಅಕ್ಷರಶಃ ನಿಜವಾಗಿತ್ತು. ಆ ಮಾತನ್ನು ಮನೆಯಲ್ಲಿ ಅವತ್ತೇ ನಿಲ್ಲಿಸಿದೆವು. ಉಗುರು ಗಿಡ್ಡ ಕತ್ತರಿಸಿದೆವು, ಮಲಗುವ ಕೋಣೆ ತಂಪಾಗಿಟ್ಟೆವು, ಮೈಗೆ ತಾಕುವುದು ಮೆತ್ತನೆಯ ಹತ್ತಿಬಟ್ಟೆಯೇ ಆಗಲಿ ಅಂತ ನೋಡಿಕೊಂಡೆವು.

ಊಟದ ಬಗ್ಗೆ ಎಲ್ಲರೂ ಕೇಳುತ್ತಾರೆ. ಮೊಡವೆಯ ಕಥೆ ಸ್ವಾರಸ್ಯವಾಗಿದೆ. 1969ರಲ್ಲಿ ಅಮೆರಿಕದಲ್ಲಿ 65 ಜನರಿಗೆ ಚಾಕೊಲೇಟ್ ಕೊಟ್ಟು ನೋಡಿ, ಮೊಡವೆಗೂ ಚಾಕೊಲೇಟಿಗೂ ಸಂಬಂಧವಿಲ್ಲ ಅಂದರು. ದಶಕಗಳ ಕಾಲ ವೈದ್ಯರು ಅದನ್ನೇ ನಂಬಿದರು. ಆದರೆ ಹೋಲಿಕೆಗೆ ಕೊಟ್ಟ ಇನ್ನೊಂದು ಸಿಹಿಯಲ್ಲೂ ಸಕ್ಕರೆ, ಕೊಬ್ಬು ಹೆಚ್ಚುಕಡಿಮೆ ಅಷ್ಟೇ ಇತ್ತು! ವ್ಯತ್ಯಾಸ ಕಾಣುವುದಾದರೂ ಹೇಗೆ? 2007ರಲ್ಲಿ ಆಸ್ಟ್ರೇಲಿಯಾದಲ್ಲಿ 43 ಹುಡುಗರ ಮೇಲೆ 12 ವಾರ ಪರೀಕ್ಷೆ ನಡೆಯಿತು. ರಕ್ತದ ಸಕ್ಕರೆಯನ್ನು ತಟ್ಟನೆ ಏರಿಸದ ಊಟ ಮಾಡಿದವರಿಗೆ ಮೊಡವೆ ಜಾಸ್ತಿ ಇಳಿಯಿತು. ಅವರ ತೂಕವೂ ಇಳಿದಿದ್ದರಿಂದ ಯಾವುದರಿಂದ ಎಷ್ಟು ಲಾಭ ಅನ್ನುವುದು ಬಿಡಿಸಿ ಹೇಳಲಾಗದು. ಸಕ್ಕರೆ, ಮೈದಾ ಕಡಿಮೆ ಮಾಡಿದರೆ ನಷ್ಟವಂತೂ ಇಲ್ಲ.

ಇಸುಬಿನಲ್ಲಿ ಮಾತ್ರ ಊಟ ಕಡಿತ ಮಾಡುವ ಮುಂಚೆ ಹತ್ತು ಸಲ ಯೋಚಿಸಿ. ಹಾಲು, ಮೊಟ್ಟೆ, ಗೋಧಿ, ಕಾಳು ಅಂತ ಒಂದೊಂದಾಗಿ ನಿಲ್ಲಿಸಿದರೆ ಬೆಳೆಯುವ ಮಗು ಸೊರಗುತ್ತದೆ. ಇನ್ನೊಂದು ಅಪಾಯ ಬಹಳ ಜನರಿಗೆ ಗೊತ್ತಿಲ್ಲ. ಬಿರುಕು ಬಿಟ್ಟ ಚರ್ಮದ ಮೂಲಕ ಆಹಾರದ ಕಣ ಒಳಗೆ ಹೋದರೆ ದೇಹ ಅದನ್ನು ಶತ್ರು ಅಂತ ಗುರುತಿಸಬಹುದು. ಹೊಟ್ಟೆಯ ಮೂಲಕ ಹೋದರೆ ಸ್ನೇಹಿತ ಅಂತ ಒಪ್ಪಿಕೊಳ್ಳುವ ಸಾಧ್ಯತೆ ಹೆಚ್ಚು. ಲಂಡನ್ನಿನ ಗಿಡಿಯನ್ ಲ್ಯಾಕ್ ತಂಡ 2015ರಲ್ಲಿ ಇದನ್ನು ನೆಲಗಡಲೆಯಲ್ಲಿ ತೋರಿಸಿತು. ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಶಿಶುಗಳಲ್ಲಿ, ಮೊದಲ ವರ್ಷದಲ್ಲೇ ನೆಲಗಡಲೆ ತಿನ್ನಲು ಶುರು ಮಾಡಿದವರಿಗೆ ಐದನೇ ವರ್ಷಕ್ಕೆ ಅದರ ಅಲರ್ಜಿ ಸುಮಾರು 80 ಶೇಕಡಾ ಕಡಿಮೆ. ಇಂಥ ಮಕ್ಕಳಿಗೆ ಏನನ್ನು ಯಾವಾಗ ಕೊಡಬೇಕು ಅನ್ನುವುದನ್ನು ಡಾಕ್ಟರನ್ನು ಕೇಳಿಯೇ ತೀರ್ಮಾನಿಸಬೇಕು. ತಿಂದು ಸ್ವಲ್ಪ ಹೊತ್ತಿಗೇ ತುಟಿ ಊದಿದರೆ, ದದ್ದು ಎದ್ದರೆ, ಉಸಿರು ಕಟ್ಟಿದರೆ ಅದು ನಿಜವಾದ ಅಲರ್ಜಿ, ತಡಮಾಡಬಾರದು.

ಇನ್ನು ಎಲ್ಲರೂ ಹೆದರುವ ಸ್ಟೀರಾಯ್ಡ್. 1952ರಲ್ಲಿ ಮೇರಿಯನ್ ಸುಲ್ಜ್‌ಬರ್ಗರ್ ಮತ್ತು ವಿಕ್ಟರ್ ವಿಟ್ಟನ್ ಎಂಬ ಅಮೆರಿಕದ ವೈದ್ಯರು ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡನ್ನು ಚರ್ಮದ ಮೇಲೆ ಹಚ್ಚಿ ಇಸುಬು ಇಳಿಯುವುದನ್ನು ತೋರಿಸಿದರು. ಅದಕ್ಕೆ ಮುಂಚೆ ಟಾರ್, ಪಟ್ಟಿ, ತಾಳ್ಮೆ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಈ ಔಷಧಿ ಉರಿಯೂತವನ್ನು ಆರಿಸುತ್ತದೆ. ಉರಿಯುವ ಮನೆಯಲ್ಲಿ ಗೋಡೆ ಕಟ್ಟಲು ಆಗುವುದಿಲ್ಲ, ಮೊದಲು ಬೆಂಕಿ ಆರಬೇಕು.

ತೊಂದರೆ ಆಗುವುದು ಎರಡು ಕಡೆಯಿಂದ. ಒಂದು, ಹೆದರಿ ಹಚ್ಚದೇ ಇರುವುದು. ನಾವು ಹಾಗೇ ಮಾಡಿದ್ದೆವು. ಒಂದು ಚುಕ್ಕಿ ತೆಗೆದು ಇಡೀ ಕೈಗೆ ಸವರಿ, ಎರಡು ದಿನಕ್ಕೆ ನಿಲ್ಲಿಸುತ್ತಿದ್ದೆವು. ಬೆಂಕಿ ಪೂರ್ತಿ ಆರುತ್ತಲೇ ಇರಲಿಲ್ಲ. ಎರಡನೆಯದು ಇದಕ್ಕಿಂತ ಕೆಟ್ಟದ್ದು. ಡಾಕ್ಟರನ್ನು ಕೇಳದೆ ತೀವ್ರವಾದ ಸ್ಟೀರಾಯ್ಡನ್ನು ತಿಂಗಳುಗಟ್ಟಲೆ, ಅದೂ ಬಿಳುಪಾಗಲಿ ಅಂತ ಮುಖಕ್ಕೆ ಹಚ್ಚುವುದು. ಚರ್ಮ ತೆಳ್ಳಗಾಗಿ ರಕ್ತನಾಳ ಎದ್ದು ಕಾಣುತ್ತದೆ, ಮೊಡವೆ ಬರುತ್ತದೆ, ನಿಲ್ಲಿಸಿದ ತಕ್ಷಣ ಮುಖ ಕೆಂಪಾಗಿ ಉರಿಯುತ್ತದೆ. ಗಜಕರ್ಣಕ್ಕೆ ಹಚ್ಚಿದರೆ ತುರಿಕೆ ನಿಂತಂತೆ ಅನ್ನಿಸಿ, ಒಳಗಿಂದೊಳಗೆ ಶಿಲೀಂಧ್ರ ಹರಡುತ್ತದೆ. ಅದರ ರೂಪವೇ ಬದಲಾಗಿ ಗುರುತು ಹಿಡಿಯಲು ಡಾಕ್ಟರಿಗೂ ಕಷ್ಟವಾಗುತ್ತದೆ. ಬೇರೆ ಬೇರೆ ಔಷಧಿ ಸೇರಿಸಿದ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇದೆಯಾ ಅಂತ ಓದದೆ ಯಾವುದನ್ನೂ ಹಚ್ಚಬೇಡಿ. ಸ್ಟೀರಾಯ್ಡ್‌ಗಳಲ್ಲಿ ಅತಿ ಸೌಮ್ಯದಿಂದ ಅತಿ ತೀವ್ರದವರೆಗೆ ಬಲದಲ್ಲಿ ನೂರಾರು ಪಟ್ಟು ವ್ಯತ್ಯಾಸವಿದೆ. ಅಂಗಾಲಿಗೆ ಕೊಟ್ಟದ್ದನ್ನು ಕಣ್ಣಿನ ರೆಪ್ಪೆಗೆ ಹಚ್ಚುವಂತಿಲ್ಲ.

ಎಷ್ಟು ಹಚ್ಚಬೇಕು ಅನ್ನುವುದಕ್ಕೆ ಒಂದು ಚಂದದ ಅಳತೆ ಇದೆ. 1991ರಲ್ಲಿ ಬ್ರಿಟನ್ನಿನ ಇಬ್ಬರು ವೈದ್ಯರು ಹೇಳಿದ್ದು. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಒಂದು ಸಾಲು ಒತ್ತಿ. ಅದು ಸುಮಾರು ಅರ್ಧ ಗ್ರಾಂ. ದೊಡ್ಡವರ ಎರಡು ಕೈಗಳಷ್ಟು, ಅಂದರೆ ಬೆರಳೂ ಸೇರಿದ ಎರಡು ಅಂಗೈಯಷ್ಟು ಜಾಗಕ್ಕೆ ಅಷ್ಟು ಸಾಕು. ನಮ್ಮ ಡಾಕ್ಟರು ಟ್ಯೂಬ್ ತೆಗೆದು ನನ್ನ ಬೆರಳ ಮೇಲೆ ಗೆರೆ ಎಳೆದು ತೋರಿಸಿದಾಗ, ಅಲ್ಲಿಯವರೆಗೆ ಹಚ್ಚುತ್ತಿದ್ದದ್ದು ಎಷ್ಟು ಕಡಿಮೆ ಅಂತ ಗೊತ್ತಾಯಿತು. ಇನ್ನೊಂದು ಮಾತೂ ಹೇಳಿದರು: "ನೋಡಿ, ಕಣ್ಣಿಗೆ ವಾಸಿಯಾದಂತೆ ಕಂಡರೂ ಒಳಗೆ ಕೆಂಡ ಇರುತ್ತೆ." ಹಾಗಾಗಿ ವಾಸಿಯಾದ ಮೇಲೂ ಕೆಲವು ತಿಂಗಳು, ಪದೇ ಪದೇ ಬರುವ ಜಾಗಕ್ಕೆ ವಾರದಲ್ಲಿ ಎರಡು ದಿನ ಮಾತ್ರ ಹಚ್ಚಲು ಹೇಳಿದರು. ಮೂರು ವಾರಕ್ಕೆ ಯಾಕೆ ವಾಪಸ್ ಬರುತ್ತಿತ್ತು ಅನ್ನುವುದಕ್ಕೆ ಅಲ್ಲಿ ಉತ್ತರ ಸಿಕ್ಕಿತು.

ಸ್ಟೀರಾಯ್ಡ್ ಅಲ್ಲದ ದಾರಿಗಳೂ ಇವೆ. ರೆಪ್ಪೆ, ಕತ್ತಿನಂಥ ತೆಳು ಚರ್ಮಕ್ಕೆ ಟ್ಯಾಕ್ರೋಲಿಮಸ್ ಆಯಿಂಟ್‌ಮೆಂಟ್ ಕೊಡುತ್ತಾರೆ. ಅದು ಮೊದಲು ಸಿಕ್ಕಿದ್ದು ಜಪಾನಿನ ತ್ಸುಕುಬಾ ಬೆಟ್ಟದ ಹತ್ತಿರದ ಮಣ್ಣಿನ ಒಂದು ಬ್ಯಾಕ್ಟೀರಿಯಾದಲ್ಲಿ. ತೀವ್ರ ಇಸುಬಿಗೆ 2017ರಿಂದ ಡುಪಿಲುಮ್ಯಾಬ್ ಎಂಬ ಇಂಜೆಕ್ಷನ್ ಇದೆ. ತುರಿಕೆ ಮತ್ತು ಉರಿಯೂತದ ಎರಡು ಸಂದೇಶಗಳನ್ನಷ್ಟೇ ಅದು ತಡೆಯುತ್ತದೆ.

'ನೈಸರ್ಗಿಕ, ಹಾಗಾಗಿ ಸುರಕ್ಷಿತ' ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ನಿಂಬೆರಸ ಮೈಗೆ ಹತ್ತಿ ಬಿಸಿಲಿಗೆ ಹೋದರೆ ಸುಟ್ಟಂಥ ಬೊಬ್ಬೆ ಬರುತ್ತದೆ, ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುತ್ತದೆ. ಸುವಾಸನೆಯ ಗಿಡದೆಣ್ಣೆಗಳಿಂದ ಅಲರ್ಜಿ ಬರುವುದು ಸಾಮಾನ್ಯ. ಆಲಿವ್ ಎಣ್ಣೆ ಗೋಡೆಯನ್ನು ದುರ್ಬಲ ಮಾಡುತ್ತದೆ ಅಂತ 2013ರ ಒಂದು ಅಧ್ಯಯನ ಕಂಡಿತು. ಟ್ಯಾಕ್ರೋಲಿಮಸ್ ಕೂಡ ಮಣ್ಣಿನಿಂದಲೇ ಬಂದದ್ದು. ಎಲ್ಲಿಂದ ಬಂತು ಅನ್ನುವುದಕ್ಕಿಂತ ಏನು ಮಾಡುತ್ತದೆ ಅಂತ ಕೇಳುವುದು ವಾಸಿ.

ಬಿಸಿಲಿನ ಬಗ್ಗೆ ಎರಡೇ ಮಾತು. 2012ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ 28 ವರ್ಷ ಟ್ರಕ್ ಓಡಿಸಿದ, 69 ವರ್ಷದ ಒಬ್ಬರ ಮುಖದ ಫೋಟೋ ಬಂತು. ಕಿಟಕಿಯ ಕಡೆಯ ಎಡಗೆನ್ನೆ ಜೋತುಬಿದ್ದು ಆಳವಾಗಿ ಸುಕ್ಕುಗಟ್ಟಿತ್ತು, ಬಲಗೆನ್ನೆ ಅದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಒಂದೇ ಮುಖ, ಒಂದೇ ವಯಸ್ಸು. ಗಾಜು ತಡೆಯದ, ಯುವಿಎ ಎಂಬ ನೇರಳಾತೀತ ಕಿರಣ ಮಾಡಿದ ಕೆಲಸ ಅದು. ಎಸ್‌ಪಿಎಫ್ 30 ಇರುವ ಸನ್‌ಸ್ಕ್ರೀನ್, ಬಿಸಿಲಿನಲ್ಲಿ ಚರ್ಮ ಸುಡುವ ಯುವಿಬಿ ಕಿರಣದ 97 ಶೇಕಡಾ ತಡೆಯುತ್ತದೆ, ಆದರೆ ಧಾರಾಳವಾಗಿ ಹಚ್ಚಿದರೆ ಮಾತ್ರ. ಯುವಿಎ ಕೂಡ ತಡೆಯುತ್ತದೆಯಾ ಅಂತ ಡಬ್ಬಿಯ ಮೇಲೆ ನೋಡಿ. ಮುಖದ ಮೇಲೆ ಭಂಗು ಇರುವವರಿಗೆ ಕಬ್ಬಿಣದ ಆಕ್ಸೈಡ್ ಬೆರೆತ, ಬಣ್ಣವಿರುವ ಸನ್‌ಸ್ಕ್ರೀನ್ ಹೆಚ್ಚು ಉಪಯೋಗ. ಕಣ್ಣಿಗೆ ಕಾಣುವ ಬೆಳಕು ಕೂಡ ಭಂಗನ್ನು ಹೆಚ್ಚಿಸುತ್ತದೆ, ಅದನ್ನು ಮಾಮೂಲಿ ಸನ್‌ಸ್ಕ್ರೀನ್ ತಡೆಯುವುದಿಲ್ಲ.

ಚರ್ಮದ ಮೇಲೆ ಕಂಡದ್ದೆಲ್ಲ ಚರ್ಮದ್ದೇ ಕಾಯಿಲೆ ಅಲ್ಲ ಅನ್ನುವುದೂ ಈ ಸಮಗ್ರ ನೋಟದ ಒಂದು ಭಾಗ. ಕತ್ತಿನ ಹಿಂದೆ, ಕಂಕುಳಲ್ಲಿ ವೆಲ್ವೆಟ್ಟಿನಂತೆ ದಪ್ಪಗಾದ ಕಪ್ಪು ಕಂಡರೆ ಜನ ಕೊಳೆ ಅಂತ ಉಜ್ಜುತ್ತಾರೆ. ಹಲವು ಸಲ ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಸೂಚನೆ. ಸಕ್ಕರೆ ಪರೀಕ್ಷೆ ಮಾಡಿಸಬೇಕು. ದದ್ದೇ ಇಲ್ಲದೆ ಮೈಯೆಲ್ಲ ತುರಿಸಿದರೆ ಮೂತ್ರಪಿಂಡ, ಪಿತ್ತಜನಕಾಂಗ, ಥೈರಾಯ್ಡ್, ರಕ್ತ ಇಷ್ಟನ್ನೂ ನೋಡಬೇಕು. ಸೋರಿಯಾಸಿಸ್ ಇದ್ದವರಿಗೆ ಬೆಳಿಗ್ಗೆ ಕೀಲು ಬಿಗಿಯುತ್ತಿದ್ದರೆ ಅದೂ ಆ ಕಾಯಿಲೆಯದೇ ಭಾಗ ಇರಬಹುದು. ಅವರಿಗೆ ಹೃದಯದ ಕಾಯಿಲೆಯ ಅಪಾಯವೂ ಹೆಚ್ಚು. 2014ರಲ್ಲಿ ವಿಶ್ವ ಆರೋಗ್ಯ ಸಭೆ ಸೋರಿಯಾಸಿಸ್ ಬಗ್ಗೆಯೇ ಒಂದು ನಿರ್ಣಯ ಮಾಡಿ, ಅದರಿಂದ ಬರುವ ಅವಮಾನ, ಹೊರಗಿಡುವಿಕೆಯ ಬಗ್ಗೆ ಕೂಡ ಮಾತಾಡಿತು. ಸೋರಿಯಾಸಿಸ್ ಆಗಲಿ ತೊನ್ನಾಗಲಿ ಮುಟ್ಟಿದರೆ ಅಂಟುವುದಿಲ್ಲ. ಪಕ್ಕದಲ್ಲಿ ಕೂರಲು ಹಿಂಜರಿಯುವವರಿಂದ ಆಗುವ ನೋವು, ಕೆಲವರಿಗೆ ಕಾಯಿಲೆಗಿಂತ ದೊಡ್ಡದು.

ಕಾಯದೆ ಡಾಕ್ಟರ ಹತ್ತಿರ ಓಡಬೇಕಾದ ಸಂದರ್ಭಗಳೂ ಇವೆ. ಹೊಸ ಮಾತ್ರೆ ಶುರು ಮಾಡಿದ ಮೇಲೆ ಜ್ವರ ಬಂದು, ಚರ್ಮ ಸುಲಿದು, ಬಾಯಿ ಕಣ್ಣು ಹುಣ್ಣಾದರೆ ಅದು ತುರ್ತು. ಇಸುಬು ಇರುವ ಜಾಗದಲ್ಲಿ ಒತ್ತೊತ್ತಾಗಿ ನೋಯುವ ಗುಳ್ಳೆಗಳೆದ್ದು ಜ್ವರ ಬಂದರೆ ಅದು ಹರ್ಪಿಸ್ ವೈರಸ್ ಇರಬಹುದು, ಅದೇ ದಿನ ತೋರಿಸಬೇಕು. ಮಚ್ಚೆಯ ಆಕಾರ, ಬಣ್ಣ, ಗಾತ್ರ ಬದಲಾದರೆ, ರಕ್ತ ಬಂದರೆ ಬಿಡಬೇಡಿ. ಕಪ್ಪು ಚರ್ಮದವರಿಗೆ ಚರ್ಮದ ಕ್ಯಾನ್ಸರ್ ಬರುವುದಿಲ್ಲ ಅನ್ನುವುದು ತಪ್ಪು. ಅವರಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುತ್ತದೆ. ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಲ್ಬೆರಳ ಉಗುರಿನ ಕೆಳಗೆ ಕಂಡದ್ದು ಅದೇ. 1981ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 36 ವರ್ಷ.

ಡಾಕ್ಟರ ಹತ್ತಿರ ಹೋಗುವಾಗ ಮನೆಯಲ್ಲಿ ಹಚ್ಚಿದ ಎಲ್ಲಾ ಟ್ಯೂಬ್, ಡಬ್ಬಿ, ಎಣ್ಣೆ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಜಾಸ್ತಿಯಾದಾಗ ತೆಗೆದ ಫೋಟೋ ಇರಲಿ. ಹೋದ ದಿನವೇ ಚರ್ಮ ಚೆನ್ನಾಗಿರುತ್ತದೆ, ಯಾವಾಗಲೂ ಹಾಗೇ. ನಿದ್ದೆ ಹೇಗಿದೆ ಅಂತ ಅವರು ಕೇಳದಿದ್ದರೆ ನೀವೇ ಹೇಳಿ. ಯಾವ ಜಾಗಕ್ಕೆ ಯಾವುದು, ಎಷ್ಟು ದಿನ, ಹೇಗೆ ನಿಲ್ಲಿಸುವುದು, ಈ ನಾಲ್ಕನ್ನೂ ಬರೆಸಿಕೊಂಡು ಬನ್ನಿ.

ಮಗಳಿಗೆ ಈಗ ಒಂಬತ್ತು. ಇಸುಬು ಪೂರ್ತಿ ಹೋಗಿಲ್ಲ. ಚಳಿ ಶುರುವಾದಾಗ, ಪರೀಕ್ಷೆ ಹತ್ತಿರ ಬಂದಾಗ ಮೊಣಕೈ ಮಡಿಕೆ ಮತ್ತೆ ಕೆಂಪಾಗುತ್ತದೆ. ಹೋದ ವಾರ ಹಾಗಾದಾಗ ತಾನೇ ಟ್ಯೂಬ್ ತಂದು ನನ್ನ ಕೈಯಲ್ಲಿಟ್ಟಳು. "ಅಮ್ಮಾ, ನಿನ್ನ ಬೆರಳೇ ಬೇಕು, ನಂದು ಚಿಕ್ಕದು. ಒಂದು ಗೆರೆ ಹಾಕು" ಅಂದಳು. ಹಚ್ಚಿ ಮುಗಿಸುವಷ್ಟರಲ್ಲಿ ಮುಷ್ಟಿ ಬಿಗಿಹಿಡಿದು ಎಣಿಸಲು ಶುರು ಮಾಡಿದ್ದಳು. ಹದಿನೆಂಟಕ್ಕೋ ಹತ್ತೊಂಬತ್ತಕ್ಕೋ ಎಣಿಕೆ ನಿಂತುಹೋಯಿತು. ನಿದ್ದೆ ಬಂದಿತ್ತು.